ಆ ರಾತ್ರಿ ಗೆದ್ದದ್ದು ಯಾರ ಭಯ?

ಚಾಲೆಂಜರ್ ನೌಕೆ ಆಕಾಶದಲ್ಲಿ ಛಿದ್ರವಾಗಿ 40 ವರ್ಷ. ಕೈಕೊಟ್ಟದ್ದು ಒಂದು ರಬ್ಬರ್ ಉಂಗುರ ಎಂದು ತನಿಖೆ ಹೇಳಿತು. ಆದರೆ ಹಿಂದಿನ ರಾತ್ರಿ ಒಂದು ಸಭಾಕೋಣೆಯಲ್ಲಿ ಎರಡು ಭಯಗಳು ಎದುರಾಬದುರಾಗಿದ್ದವು: ಏಳು ಜೀವ ಹೋದಾವೆಂಬ ಭಯ, ಗಿರಾಕಿ ಮುನಿದಾನೆಂಬ ಭಯ. ಸಭ್ಯರು ತುಂಬಿದ ಸಂಸ್ಥೆಯಲ್ಲಿ ಘೋರ ತಪ್ಪು ಹೇಗೆ ನಡೆಯುತ್ತದೆ ಎಂಬುದರ ಕಥೆ ಆ ಕೋಣೆಯಲ್ಲಿದೆ.

ಆರ್ನಿ ಥಾಂಪ್ಸನ್ ತಮ್ಮ ಕುರ್ಚಿ ಬಿಟ್ಟೆದ್ದು ಮೇಜಿನ ಆಚೆ ತುದಿಗೆ ನಡೆದರು. ಅಲ್ಲಿ ಕಂಪನಿಯ ನಾಲ್ವರು ಉನ್ನತಾಧಿಕಾರಿಗಳು ಕೂತಿದ್ದರು. ಅವರ ಮುಂದೆ ಹಾಳೆಯೊಂದನ್ನಿಟ್ಟು, ರಾಕೆಟ್ಟಿನ ಕೀಲು ಚಳಿಯಲ್ಲಿ ಹೇಗೆ ಬಾಯಿಬಿಡುತ್ತದೆ ಎಂಬುದನ್ನು ಮತ್ತೊಮ್ಮೆ ಚಿತ್ರ ಬರೆದು ತೋರಿಸತೊಡಗಿದರು. ಕೇಳುವವರು ಯಾರೂ ಇಲ್ಲವೆಂದು ಗೊತ್ತಾದಾಗ ಸುಮ್ಮನಾದರು.

ಆಗ ರೋಜರ್ ಬೋಜೊಲೆ ಎದ್ದರು. ಅವರ ಕೈಯಲ್ಲಿ ಫೋಟೋಗಳಿದ್ದವು. ವರ್ಷದ ಹಿಂದೆ ಇಂಥದೇ ಚಳಿಯಲ್ಲಿ ಹಾರಿ ಬಂದ ರಾಕೆಟ್ಟಿನ ಕೀಲನ್ನು ಬಿಚ್ಚಿದಾಗ, ಎರಡು ಉಂಗುರಗಳ ನಡುವಿನ ಗ್ರೀಸು ಮಸಿಗಟ್ಟಿ ಕಪ್ಪಾಗಿತ್ತು. ಬಿಸಿ ಅನಿಲ ಮೊದಲ ಉಂಗುರವನ್ನು ದಾಟಿ ನುಗ್ಗಿದ್ದಕ್ಕೆ ಅದೇ ಸಾಕ್ಷಿ. ಅವರು ಫೋಟೋಗಳನ್ನು ಅಧಿಕಾರಿಗಳ ಮುಂದೆ ಹರಡಿ ನೋಡಿ ಎಂದರು. ಎದುರಿಗಿದ್ದ ನೋಟಗಳು ತಣ್ಣಗಿದ್ದವು. ಅವರೂ ಕೂತರು.

1986ರ ಜನವರಿ 27ರ ರಾತ್ರಿ, ಅಮೆರಿಕದ ಯೂಟಾ ರಾಜ್ಯದಲ್ಲಿದ್ದ ಮಾರ್ಟನ್ ಥಯೋಕೋಲ್ ಕಂಪನಿಯಲ್ಲಿ ನಡೆದದ್ದು ಇದು. ಬಾಹ್ಯಾಕಾಶ ನೌಕೆಯನ್ನು ಮೇಲೆತ್ತುವ ಬೂಸ್ಟರ್ ರಾಕೆಟ್‌ಗಳನ್ನು ನಾಸಾಕ್ಕೆ ಮಾಡಿಕೊಡುತ್ತಿದ್ದ ಕಂಪನಿ ಅದು. ಮರುದಿನ ಬೆಳಿಗ್ಗೆ ಫ್ಲಾರಿಡಾದಿಂದ ಚಾಲೆಂಜರ್ ಹಾರಬೇಕಿತ್ತು. ಏಳು ಮಂದಿ ಹೊರಡಲು ಸಿದ್ಧರಾಗಿದ್ದರು. ಅವರಲ್ಲೊಬ್ಬರು ಕ್ರಿಸ್ಟಾ ಮೆಕಾಲಿಫ್, ಶಾಲಾ ಶಿಕ್ಷಕಿ.

ಒಂದು ಸಹಿಯ ಹಿಂದೆ

ಸ್ವಲ್ಪ ಹಿಂದಕ್ಕೆ ಹೋಗೋಣ. ಫ್ಲಾರಿಡಾದಲ್ಲಿ ಆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬೀಳಲಿದೆ ಎಂಬ ಸುದ್ದಿ ಬಂದ ಕೂಡಲೇ ಥಯೋಕೋಲ್‌ನ ಎಂಜಿನಿಯರ್‌ಗಳು ಗಾಬರಿಯಾದರು. ಬೂಸ್ಟರಿನ ತುಂಡುಗಳು ಕೂಡುವ ಕಡೆ ಬಿಸಿ ಅನಿಲ ಸೋರದಂತೆ ತಡೆಯುವುದು ತೆಳ್ಳನೆಯ ರಬ್ಬರ್ ಉಂಗುರಗಳು. ಚಳಿಗೆ ರಬ್ಬರ್ ಸೆಟೆದುಕೊಳ್ಳುತ್ತದೆ, ಸಂದು ತುಂಬುವಷ್ಟು ಬೇಗ ಹಿಗ್ಗುವುದಿಲ್ಲ. ಯೂಟಾ, ಅಲಬಾಮಾ, ಫ್ಲಾರಿಡಾ ಮೂರೂ ಕಡೆಯವರನ್ನು ಸೇರಿಸಿ ದೂರವಾಣಿ ಸಭೆ ಶುರುವಾಯಿತು. 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಹಾರಿಸಬೇಡಿ ಎಂದು ಕಂಪನಿ ಸ್ಪಷ್ಟವಾಗಿ ಹೇಳಿತು.

ನಾಸಾ ಕಡೆಯಿಂದ ಬಂದ ದನಿ ಸೌಮ್ಯವಾಗಿರಲಿಲ್ಲ. ‘ದೇವರೇ! ಹಾಗಾದರೆ ಯಾವಾಗ ಹಾರಿಸಬೇಕು ಅಂತೀರಿ, ಬರುವ ಏಪ್ರಿಲ್‌ಗಾ?’ ಎಂದು ಬೂಸ್ಟರ್ ಯೋಜನೆಯ ಮುಖ್ಯಸ್ಥ ಲಾರೆನ್ಸ್ ಮಲೋಯ್ ಸಿಡುಕಿದರು. ಈ ಸಲಹೆ ಕೇಳಿ ತಮಗೆ ದಿಗ್ಭ್ರಮೆಯಾಗಿದೆ ಎಂದರು ಇನ್ನೊಬ್ಬ ಅಧಿಕಾರಿ ಜಾರ್ಜ್ ಹಾರ್ಡಿ. ಆದರೂ ನೀವು ಬೇಡವೆಂದರೆ ನಾವು ಹಾರಿಸುವುದಿಲ್ಲ ಎಂಬ ಮಾತನ್ನೂ ಅವರು ಸೇರಿಸಿದರು. ಆ ಎರಡನೆಯ ಮಾತು ಯೂಟಾದಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ. ಕಿವಿಯಲ್ಲಿ ಉಳಿದದ್ದು ಮೊದಲನೆಯದು.

ಐದು ನಿಮಿಷ ಕೊಡಿ ಎಂದು ಕಂಪನಿಯವರು ಫೋನಿನ ಸಂಪರ್ಕ ಕಡಿದುಕೊಂಡರು. ಐದು ನಿಮಿಷ ಅರ್ಧ ಗಂಟೆಯಾಯಿತು. ಥಾಂಪ್ಸನ್ ಚಿತ್ರ ಬರೆದದ್ದು, ಬೋಜೊಲೆ ಫೋಟೋ ಹರಡಿದ್ದು ಈ ಅರ್ಧ ಗಂಟೆಯಲ್ಲೇ. ಹಿರಿಯ ಉಪಾಧ್ಯಕ್ಷ ಜೆರಲ್ಡ್ ಮೇಸನ್, ಹಾರಿಸಬೇಕು ಅನ್ನುವವನು ನಾನೊಬ್ಬನೇ ಏನು ಎಂದು ಕೇಳಿದರು. ಆಮೇಲೆ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷ ಬಾಬ್ ಲುಂಡ್ ಕಡೆ ತಿರುಗಿ, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ಸಂಜೆಯಿಂದ ಬೇಡವೆನ್ನುತ್ತಿದ್ದ ಲುಂಡ್ ಒಪ್ಪಿಬಿಟ್ಟರು. ಎಂಜಿನಿಯರ್‌ಗಳ ಅಭಿಪ್ರಾಯವನ್ನು ಮತ್ತೆ ಕೇಳಲೇ ಇಲ್ಲ.

ನಿರ್ಧಾರ ಬರವಣಿಗೆಯಲ್ಲಿ ಬೇಕು ಎಂದಿತು ನಾಸಾ. ಕಂಪನಿಯ ಪರವಾಗಿ ಉಡಾವಣಾ ಕೇಂದ್ರದಲ್ಲಿದ್ದ ಅಲನ್ ಮೆಕ್‌ಡೊನಾಲ್ಡ್ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಯೂಟಾದಿಂದ ಜೋ ಕಿಲ್‌ಮಿನ್‌ಸ್ಟರ್ ಸಹಿ ಹಾಕಿ ಫ್ಯಾಕ್ಸ್ ಕಳುಹಿಸಿದರು.

ಈ ಪೈಕಿ ಯಾರೂ ದುಷ್ಟರಲ್ಲ. ಯಾರೂ ಲಂಚ ತಿಂದಿರಲಿಲ್ಲ, ಯಾರಿಗೂ ಗಗನಯಾತ್ರಿಗಳ ಮೇಲೆ ಹಗೆ ಇರಲಿಲ್ಲ. ಹಾಗಿದ್ದೂ ಹೀಗೇಕಾಯಿತು?

ಎದುರಿಗಿದ್ದ ಸಿಟ್ಟು, ದೂರವಿದ್ದ ಜೀವ

ಈ ಪ್ರಕರಣವನ್ನು ‘ಭಾವನೆಗೆ ಎದುರಾಗಿ ತರ್ಕ’ ಎಂಬ ಚೌಕಟ್ಟಿನಲ್ಲಿ ಹೇಳುವವರಿದ್ದಾರೆ. ಎಂಜಿನಿಯರ್‌ಗಳು ಲೆಕ್ಕ ಹೇಳಿದರು, ಮೇಲಿನವರು ಆವೇಶಕ್ಕೆ ಬಿದ್ದರು ಎಂದು ಕೆಲವರು. ಎಂಜಿನಿಯರ್‌ಗಳದ್ದೇ ಅಳುಕು, ಅವರ ಬಳಿ ಪುರಾವೆ ಸಾಲದಾಗಿತ್ತು ಎಂದು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಕೋಣೆಯಲ್ಲಿ ಎರಡೂ ಕಡೆ ಇದ್ದದ್ದು ಭಯವೇ.

ತನಿಖಾ ಆಯೋಗದ ಮುಂದೆ ಬೋಜೊಲೆ ಹೇಳಿದ ಮಾತು ನೋಡಿ. ನಿಮ್ಮ ಆತಂಕವನ್ನು ಅಂಕಿಯಲ್ಲಿ ತೋರಿಸಿ ಎಂದು ಆ ರಾತ್ರಿ ಕೇಳಿದರಂತೆ. ಅಂಕಿ ನನ್ನ ಬಳಿ ಇಲ್ಲ, ಆದರೆ ನಾವು ಒಳಿತಿನಿಂದ ದೂರ ಹೋಗುತ್ತಿದ್ದೇವೆ ಅನ್ನುವುದು ಗೊತ್ತು ಎಂದರಂತೆ ಅವರು. ಆ ಹೆದರಿಕೆ ಬರಿಗೈಯಲ್ಲಿ ಬಂದದ್ದಲ್ಲ. ಕಪ್ಪಾದ ಗ್ರೀಸನ್ನು ಕಣ್ಣಾರೆ ಕಂಡು, ತಿಂಗಳುಗಟ್ಟಲೆ ಆ ಕೀಲಿನ ಜೊತೆ ಗುದ್ದಾಡಿದ ಮನುಷ್ಯನ ಅನುಭವ ಹೆದರಿಕೆಯ ರೂಪದಲ್ಲಿ ಮಾತಾಡುತ್ತಿತ್ತು.

ಮೇಲಿನವರ ಭಯಕ್ಕೂ ಕಾರಣವಿತ್ತು. ಉಡಾವಣೆ ಆಗಲೇ ಹಲವು ಸಲ ಮುಂದೆ ಹೋಗಿತ್ತು. ಬೂಸ್ಟರ್ ಪೂರೈಕೆಗೆ ಇನ್ನೊಂದು ಕಂಪನಿಯನ್ನೂ ಸೇರಿಸಿಕೊಳ್ಳುವ ಮಾತು ನಾಸಾದಲ್ಲಿ ನಡೆದಿತ್ತು. ಅಂಥ ಹೊತ್ತಿನಲ್ಲಿ ದೊಡ್ಡ ಗಿರಾಕಿಯ ಮುಖ ಮುರಿಯುವುದು ಹೇಗೆ? ಈ ಭಯವನ್ನು ಆ ಕೋಣೆಯಲ್ಲಿ ಯಾರೂ ಭಯವೆಂದು ಕರೆಯಲಿಲ್ಲ. ಅದು ‘ಮ್ಯಾನೇಜರ್ ಟೋಪಿ’ ಹಾಕಿಕೊಂಡು ಬಂತು, ವಿವೇಕವೆಂಬ ಮರ್ಯಾದೆ ಪಡೆಯಿತು. ಎಂಜಿನಿಯರ್‌ಗಳ ಭಯ ಮಾತ್ರ ಬರಿಯ ಭಯವಾಗಿಯೇ ಉಳಿಯಿತು. ಹಾರಲು ಸುರಕ್ಷಿತ ಎಂದು ಸಾಬೀತು ಮಾಡಿ ಎಂದು ಕೇಳುವುದು ರೂಢಿ. ಅಂದು, ಸುರಕ್ಷಿತವಲ್ಲ ಎಂದು ಸಾಬೀತು ಮಾಡಿ ಎಂದರು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಮಲೋಯ್ ಸಿಟ್ಟು ಆ ಕೋಣೆಯಲ್ಲಿ ಕೇಳಿಸುತ್ತಿತ್ತು. ಮೇಸನ್ ಅವರ ಅಸಹನೆ ಕಣ್ಣಿಗೆ ಕಾಣುತ್ತಿತ್ತು. ಏಳು ಮಂದಿ ಮಾತ್ರ ಅಲ್ಲಿರಲಿಲ್ಲ. ತಮ್ಮ ಜೀವದ ಬಗ್ಗೆ ಇಂಥದೊಂದು ಸಭೆ ನಡೆಯುತ್ತಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅಧಿಕಾರಿಯ ಗಂಟಲಿನ ಮುಲಾಜಿಗೆ ಒಳಗಾಗುವ ಮನಸ್ಸು, ಕಾಣದ ಜೀವದ ಮುಲಾಜಿಗೆ ಅಷ್ಟು ಸುಲಭವಾಗಿ ಒಳಗಾಗುವುದಿಲ್ಲ.

ಇದನ್ನು ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್‌ಗ್ರಾಂ 1960ರ ದಶಕದ ಆರಂಭದಲ್ಲೇ ಪ್ರಯೋಗದಲ್ಲಿ ಕಂಡಿದ್ದರು. ತಪ್ಪು ಉತ್ತರಕ್ಕೆ ವಿದ್ಯುತ್ ಆಘಾತ ಕೊಡಿ ಎಂದು ಪ್ರಯೋಗಕಾರ ಆಜ್ಞಾಪಿಸುತ್ತಾನೆ. ಆಘಾತ ಸುಳ್ಳು, ನರಳುವವನು ನಟ. ಗುಂಡಿ ಒತ್ತುವವನಿಗೆ ಅದು ಗೊತ್ತಿಲ್ಲ. ನರಳುವವನು ಪಕ್ಕದ ಕೋಣೆಯಲ್ಲಿದ್ದಾಗ ನೂರಕ್ಕೆ ಸುಮಾರು 65 ಮಂದಿ ಕೊನೆಯ ಗುಂಡಿಯವರೆಗೂ ಹೋದರು. ಅವನನ್ನು ಅದೇ ಕೋಣೆಗೆ ತಂದು ಕೂರಿಸಿದಾಗ ಅದು 40ಕ್ಕೆ ಇಳಿಯಿತು. ಪ್ರಯೋಗಕಾರನೇ ಹೊರಗೆ ಹೋಗಿ ಫೋನಿನಲ್ಲಿ ಆಜ್ಞೆ ಕೊಟ್ಟಾಗ ಸುಮಾರು 20ಕ್ಕೆ. ಮೂರೂ ಕಡೆ ಒಂದೇ ಬಗೆಯ ಜನ. ಬದಲಾದದ್ದು, ಯಾರು ಹತ್ತಿರವಿದ್ದಾರೆ ಎಂಬುದಷ್ಟೆ.

ನಮ್ಮ ಕಚೇರಿಗಳಲ್ಲೂ ಭಾವನೆಗಳನ್ನು ಮನೆಯಲ್ಲಿ ಬಿಟ್ಟು ಬನ್ನಿ ಎನ್ನುತ್ತಾರೆ. ಹಾಗೆ ಹೇಳುವವರು ಸಭೆಯಲ್ಲಿ ಮೇಜು ಗುದ್ದುತ್ತಾರೆ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದ ಬ್ಯಾಂಕ್ ಸಿಬ್ಬಂದಿಯ ಎದೆಬಡಿತವೂ ಭಾವನೆಯೇ. ಠೇವಣಿ ಇಡಲು ಬಂದ ವೃದ್ಧೆಗೆ ಬೇಡದ ವಿಮೆ ಪಾಲಿಸಿಯನ್ನು ಕಟ್ಟಿ ಕಳುಹಿಸುವಂತೆ ಮಾಡುವುದು ಹೆಚ್ಚಾಗಿ ದುರಾಸೆಯಲ್ಲ, ನಾಳೆಯ ರಿವ್ಯೂ ಮೀಟಿಂಗಿನ ಭಯ.

---

▌ಚಾಲೆಂಜರ್: ಕೆಲವು ವಿವರ

● ಅದು ನೌಕಾ ಸರಣಿಯ 25ನೇ ಹಾರಾಟ. ಹಾರಿದ್ದು 1986ರ ಜನವರಿ 28ರ ಬೆಳಿಗ್ಗೆ 11.38ಕ್ಕೆ, ಛಿದ್ರವಾದದ್ದು 73 ಸೆಕೆಂಡಿನಲ್ಲಿ.

● ಉಡಾವಣೆಯ ವೇಳೆ ಉಷ್ಣಾಂಶ ಸುಮಾರು 2 ಡಿಗ್ರಿ ಸೆಲ್ಸಿಯಸ್. ಉಡಾವಣಾ ಕಟ್ಟೆಯಲ್ಲಿ ಹಿಮದ ಗಡ್ಡೆಗಳು ಜೋತಾಡುತ್ತಿದ್ದವು.

● ತನಿಖೆಯ ವೇಳೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಉಂಗುರದ ರಬ್ಬರನ್ನು ಐಸ್ ನೀರಿನಲ್ಲಿ ಅದ್ದಿ, ಅದು ಪುಟಿತ ಕಳೆದುಕೊಳ್ಳುವುದನ್ನು ಎಲ್ಲರೆದುರು ತೋರಿಸಿದರು.

---

ಸವೆದ ಹೆದರಿಕೆ

ಇವೆಲ್ಲ ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಆರು ತಿಂಗಳ ಹಿಂದೆ, 1985ರ ಜುಲೈ 31ರಂದು ಬೋಜೊಲೆ ಲುಂಡ್ ಅವರಿಗೆ ಪತ್ರ ಬರೆದು, ಈ ಕೀಲನ್ನು ಸರಿಪಡಿಸದಿದ್ದರೆ ಜೀವಹಾನಿಯಾಗುವಂಥ ದುರಂತ ಆದೀತು ಎಂದಿದ್ದರು. ಅಕ್ಟೋಬರ್ 1ರಂದು ಅವರ ಸಹೋದ್ಯೋಗಿ ಬಾಬ್ ಎಬೆಲಿಂಗ್ ಬರೆದ ವರದಿಯ ಮೊದಲ ಪದವೇ ‘ಸಹಾಯ ಮಾಡಿ!’ ಎಂಬ ಕೂಗು. ಕೀಲು ಸರಿಪಡಿಸುವ ತಂಡಕ್ಕೆ ಎಲ್ಲ ಬಗೆಯಲ್ಲೂ ಅಡ್ಡಿಯಾಗುತ್ತಿದೆ ಎಂದು ಅವರು ಅಲವತ್ತುಕೊಂಡಿದ್ದರು. ವಾರದ ವರದಿಗಳ ನಡುವೆ ಅದೂ ಒಂದು ಹಾಳೆಯಾಗಿ ಸೇರಿಹೋಯಿತು.

ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ಈ ಪ್ರಕರಣವನ್ನು ವರ್ಷಗಟ್ಟಲೆ ಶೋಧಿಸಿ 1996ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದು ನಿಯಮ ಮುರಿದ ಖಳರನ್ನಲ್ಲ. ಉಂಗುರ ಸುಟ್ಟದ್ದು ಮೊದಲ ಸಲ ಕಂಡಾಗ ಎಲ್ಲರೂ ಬೆಚ್ಚಿದ್ದರು. ನೌಕೆ ಮಾತ್ರ ಸುರಕ್ಷಿತವಾಗಿ ಮರಳಿತ್ತು. ಎರಡನೆಯ ಸಲ ಬೆಚ್ಚಿದ್ದು ಕಡಿಮೆ. ಆಮೇಲಾಮೇಲೆ ಸುಟ್ಟ ಉಂಗುರ ‘ಒಪ್ಪಬಹುದಾದ ಅಪಾಯ’ ಎಂದು ಕಾಗದದ ಮೇಲೆ ಬಂತು. ಪ್ರತಿ ಯಶಸ್ಸೂ ಒಂದಿಷ್ಟು ಹೆದರಿಕೆಯನ್ನು ಸವೆಸಿತು.

ನಮ್ಮಲ್ಲಿ ಧೈರ್ಯಕ್ಕೆ ಸನ್ಮಾನವಿದೆ, ಹೆದರಿದವರಿಗೆ ಗೇಲಿಯಿದೆ. ಒಂದು ಸಂಸ್ಥೆ ಕಾಪಾಡಿಕೊಳ್ಳಬೇಕಾದ ಸಂಪತ್ತುಗಳಲ್ಲಿ ಇಂಥ ಹೆದರಿಕೆಯೂ ಒಂದು ಎಂದು ನಾನು ನಂಬುತ್ತೇನೆ.

ನೋವು ಯಾರ ಪಾಲಿಗೆ?

ಆ ಸಭೆಯ ಮರುದಿನ ಬೆಳಿಗ್ಗೆ ಯೂಟಾದಲ್ಲಿ ಟಿ.ವಿ. ಮುಂದೆ ಜನ ಸೇರಿದ್ದರು. ಬೋಜೊಲೆಗೆ ನೋಡುವ ಮನಸ್ಸೇ ಇರಲಿಲ್ಲ. ಎಬೆಲಿಂಗ್ ಕರೆದರೆಂದು ಬಂದು, ಅವರ ಕಾಲಿಗೆ ಒರಗಿ ನೆಲದ ಮೇಲೆ ಕೂತರು. ನೌಕೆ ಕಟ್ಟೆ ಬಿಟ್ಟು ಮೇಲೇರಿತು. ಸಿಡಿಯುವುದಿದ್ದರೆ ನೆಲದ ಮೇಲೇ ಸಿಡಿಯುತ್ತದೆ ಎಂದುಕೊಂಡಿದ್ದವರಿಗೆ ಜೀವ ಬಂತು. ಒಂದು ನಿಮಿಷವಾಯಿತು. ದೇವರಿಗೆ ಈಗಷ್ಟೇ ಕೃತಜ್ಞತೆ ಹೇಳಿದೆ ಎಂದು ಎಬೆಲಿಂಗ್ ಪಿಸುಗುಟ್ಟಿದರು. ಅದಾಗಿ ಹದಿಮೂರು ಸೆಕೆಂಡು.

ಆಮೇಲಿನ ವರ್ಷಗಳು ಇನ್ನೂ ಕಠಿಣ. ಬೇಡ ಎಂದಿದ್ದ ಎಬೆಲಿಂಗ್ ಮೂವತ್ತು ವರ್ಷ ಆ ಭಾರ ಹೊತ್ತರು. ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು, ಈ ಕೆಲಸಕ್ಕೆ ದೇವರು ನನ್ನನ್ನು ಆರಿಸಬಾರದಿತ್ತು ಎಂದು 2016ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ ಹೇಳಿದರು. ಕೇಳಿದವರಿಂದ ನೂರಾರು ಪತ್ರಗಳು ಬಂದವು. ಆ ರಾತ್ರಿಯ ಸಭೆಯಲ್ಲಿ ಎದುರು ಪಾಳೆಯದಲ್ಲಿದ್ದ ಲುಂಡ್ ಮತ್ತು ಹಾರ್ಡಿ ಕೂಡ, ನೀವು ಮಾಡಬೇಕಾದದ್ದನ್ನು ಮಾಡಿದ್ದಿರಿ ಎಂದು ತಿಳಿಸಿದರು. ಸ್ವಲ್ಪ ಹಗುರಾದ ಎಬೆಲಿಂಗ್ ಅದೇ ವರ್ಷ ಮಾರ್ಚ್‌ನಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಆಯೋಗದ ಮುಂದೆ ಸತ್ಯ ಹೇಳಿದ ಬೋಜೊಲೆ ಕಂಪನಿಯಲ್ಲಿ ಒಂಟಿಯಾದರು. ಊರಿನವರೂ ಮುಖ ತಿರುಗಿಸಿದರು. ಕಂಪನಿ ಮುಚ್ಚಿದರೆ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಭಯ ಅವರದು. ಬೋಜೊಲೆ ನಿದ್ದೆಗೆಟ್ಟು, ಖಿನ್ನತೆಗೆ ಜಾರಿ, ಕೆಲಸ ಬಿಟ್ಟರು. ಸಾಕ್ಷ್ಯ ನುಡಿದ ದಿನ, ಆಯೋಗದ ಸದಸ್ಯೆಯಾಗಿದ್ದ ಗಗನಯಾತ್ರಿ ಸ್ಯಾಲಿ ರೈಡ್ ತಮ್ಮನ್ನು ಅಪ್ಪಿಕೊಂಡಿದ್ದನ್ನು ಕೊನೆಯವರೆಗೂ ನೆನೆಯುತ್ತಿದ್ದರು. ಮುಂದೆ ಕಾಲೇಜುಗಳಲ್ಲಿ ಎಂಜಿನಿಯರ್‌ಗಳ ನೀತಿಯ ಬಗ್ಗೆ ಮಾತಾಡುತ್ತ ತಿರುಗಿದರು.

ಸಹಿ ಹಾಕದ ಮೆಕ್‌ಡೊನಾಲ್ಡ್‌ಗೆ ಸಿಕ್ಕಿದ್ದು ಹಿಂಬಡ್ತಿ. ಅಮೆರಿಕದ ಸಂಸತ್ತಿನಲ್ಲಿ ಕೂಗೆದ್ದ ಮೇಲೆ ಕಂಪನಿ ಮಣಿದು, ಅದೇ ಕೀಲನ್ನು ಹೊಸದಾಗಿ ವಿನ್ಯಾಸ ಮಾಡುವ ಹೊಣೆಯನ್ನು ಅವರಿಗೇ ವಹಿಸಿತು. 1988ರ ಸೆಪ್ಟೆಂಬರ್‌ನಲ್ಲಿ ನೌಕೆ ಮತ್ತೆ ಹಾರಿತು. ಬೇಡವೆಂದವನಿಗೆ ದುರಸ್ತಿಯ ಹೊಣೆ ಸಿಕ್ಕಿತು, ಆತ ಬದುಕಿನಲ್ಲಿ ನೆಲೆನಿಂತ. ಉಳಿದಿಬ್ಬರಿಗೆ ದುಃಖವನ್ನು ಕೆಲಸವಾಗಿಸುವ ಆ ಅವಕಾಶ ಸಿಗಲಿಲ್ಲ.

ಮನೋವಿಜ್ಞಾನಿ ಜೂನ್ ಟ್ಯಾಂಗ್ನಿ ಹಲವು ಅಧ್ಯಯನಗಳಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ ಮಾತು. ‘ನಾನು ಮಾಡಿದ್ದು ತಪ್ಪು’ ಎಂದು ಕೊರಗುವವರು ಕ್ಷಮೆ ಕೇಳುತ್ತಾರೆ, ಸರಿಪಡಿಸಲು ಹೊರಡುತ್ತಾರೆ. ‘ನಾನೇ ಕೆಟ್ಟವನು, ಎಲ್ಲರೆದುರು ನನ್ನ ಮಾನ ಹೋಯಿತು’ ಎಂದು ಕುಗ್ಗುವವರು ಅಡಗಿಕೊಳ್ಳುತ್ತಾರೆ, ಇಲ್ಲವೇ ಬೇರೆಯವರ ಮೇಲೆ ಹರಿಹಾಯುತ್ತಾರೆ. ತಪ್ಪು ಮಾಡಿದವರನ್ನು ಸಭೆಯಲ್ಲಿ ನಿಲ್ಲಿಸಿ ಮಾನ ಕಳೆಯುವ ಮೇಲಧಿಕಾರಿ, ಮುಂದಿನ ತಪ್ಪನ್ನು ಮುಚ್ಚಿಡುವುದನ್ನು ತಾನೇ ಕಲಿಸುತ್ತಿರುತ್ತಾನೆ.

---

▌ಹುಲಿಯ ಬೆನ್ನೇರಿದ ಸತ್ಯಂ

ಮಾನ ಉಳಿಸಿಕೊಳ್ಳುವ ಆತಂಕ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಪಕ್ಕದ ಹೈದರಾಬಾದಿನಲ್ಲೇ ಉದಾಹರಣೆಯಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಮೊದಲು ಸಣ್ಣದಾಗಿದ್ದ ಅಂತರ ವರ್ಷಗಳಲ್ಲಿ ಹಿಡಿತ ಮೀರಿ ಬೆಳೆಯಿತು. ಲಾಭ ಕಡಿಮೆ ತೋರಿಸಿದರೆ ಕಂಪನಿ ಬೇರೆಯವರ ಪಾಲಾಗಿ ಗುಟ್ಟು ಬಯಲಾಗುವ ಭಯವಿತ್ತು ಎಂದರು. ಹುಲಿಯ ಬಾಯಿಗೆ ಬೀಳದೆ ಅದರ ಬೆನ್ನಿಂದ ಇಳಿಯುವುದು ಹೇಗೆಂದು ತಿಳಿಯದೆ ಸವಾರಿ ಮಾಡುತ್ತಿದ್ದಂತಿತ್ತು ಎಂಬುದು ಅವರದೇ ಹೋಲಿಕೆ. ಅದಕ್ಕೆ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕೆಂದು ಕಂಪನಿಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಅವರಿಗೆ ಏಳು ವರ್ಷ ಜೈಲು ವಿಧಿಸಿತು. ಮರುತಿಂಗಳು ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು.

---

ಅವಮಾನವನ್ನು ತಾನೇ ನುಂಗಿದ ಹಿರಿಯ

1979ರ ಆಗಸ್ಟ್ 10, ಶ್ರೀಹರಿಕೋಟಾ. ಎಸ್‌ಎಲ್‌ವಿ-3 ರಾಕೆಟ್‌ನ ಮೊದಲ ಹಾರಾಟ. ಯೋಜನೆಯ ಹೊಣೆ ಹೊತ್ತಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರ್ ತಡೆಹಿಡಿಯಿತು, ತಜ್ಞರ ಮಾತು ನಂಬಿ ಮುಂದುವರಿದೆವು, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು ಎಂದು ಕಲಾಂ ಮುಂದೆ ಅನೇಕ ಭಾಷಣಗಳಲ್ಲಿ ಹೇಳಿದರು.

ಪತ್ರಕರ್ತರು ಕಾಯುತ್ತಿದ್ದರು. ಇಸ್ರೊ ಅಧ್ಯಕ್ಷ ಸತೀಶ್ ಧವನ್ ಕಲಾಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಮಾತಾಡಿದರು. ಸೋಲಿನ ಹೊಣೆ ನನ್ನದು, ನನ್ನ ತಂಡದ ಮೇಲೆ ನನಗೆ ನಂಬಿಕೆಯಿದೆ ಎಂದರು. ಮರುವರ್ಷ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ, ಇವತ್ತು ಪತ್ರಿಕಾಗೋಷ್ಠಿ ನೀವೇ ನಡೆಸಿ ಎಂದು ಕಲಾಂ ಅವರನ್ನು ಮುಂದೆ ಕಳುಹಿಸಿದರು.

ಧವನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಹೌದು. ಈ ಕಥೆಯನ್ನು ನಾಯಕನ ಔದಾರ್ಯವೆಂದು ಹೇಳುವುದುಂಟು. ನನಗೆ ಅದಕ್ಕಿಂತ ಹೆಚ್ಚಿನದು ಕಾಣುತ್ತದೆ. ತಂಡದ ಮೇಲೆ ಅಂದು ಅವಮಾನ ಸುರಿದಿದ್ದರೆ, ವೈಫಲ್ಯದ ನಿಜವಾದ ಕಾರಣ ಹೇಳಲು ಎಷ್ಟು ಜನ ಬಾಯಿಬಿಡುತ್ತಿದ್ದರು? ಮನುಷ್ಯರನ್ನು ಕೂರಿಸಿ ಹಾರಿಸುವ ಗಗನಯಾನದ ಕೆಲಸ ಇಂದು ಬೆಂಗಳೂರಿನಲ್ಲೇ ನಡೆಯುತ್ತಿರುವಾಗ ಆ ದಿನದ ಪತ್ರಿಕಾಗೋಷ್ಠಿ ಬರೀ ಹಳೆಯ ನೆನಪಲ್ಲ.

---

▌ಹೆಚ್ಚು ತಪ್ಪು ಮಾಡುವ ಒಳ್ಳೆಯ ತಂಡ!

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರು. ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂಬ ಅವರ ಎಣಿಕೆ ತಲೆಕೆಳಗಾಯಿತು. ಅಲ್ಲೇ ಹೆಚ್ಚು ದಾಖಲಾಗಿತ್ತು. ಕೆದಕಿದಾಗ ತಿಳಿಯಿತು: ಆ ತಂಡಗಳ ದಾದಿಯರು ಬೈಗುಳಕ್ಕೆ ಅಂಜದೆ ತಪ್ಪನ್ನು ಹೇಳಿಕೊಳ್ಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು.

---

ಕಳುಹಿಸದ ಇ-ಮೇಲ್

ಚಾಲೆಂಜರ್‌ನಿಂದ ನಾಸಾ ಉಂಗುರದ ಪಾಠವನ್ನು ಚೆನ್ನಾಗಿ ಕಲಿಯಿತು. ಕೋಣೆಯ ಪಾಠ ಅಷ್ಟಾಗಿ ಇಳಿಯಲಿಲ್ಲ.

2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಹೊತ್ತು ಕೊಲಂಬಿಯಾ ಹಾರಿತು. ಸುಮಾರು 82ನೇ ಸೆಕೆಂಡಿನಲ್ಲಿ ಇಂಧನ ತೊಟ್ಟಿಯ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಎಂಜಿನಿಯರ್ ರಾಡ್ನಿ ರೋಚಾ ಮತ್ತು ಸಂಗಡಿಗರು, ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಿ ನೋಡೋಣ ಎಂದು ಕೇಳಿಕೊಂಡರು. ಅಗತ್ಯವಿಲ್ಲ ಎಂಬ ಉತ್ತರ ಬಂತು. ರೋಚಾ ಸಿಟ್ಟಿನಲ್ಲಿ ಒಂದು ಇ-ಮೇಲ್ ಬರೆದರು. ಸುರಕ್ಷಿತವಲ್ಲದಿದ್ದರೆ ಬಾಯಿಬಿಟ್ಟು ಹೇಳಿ ಎಂದು ನಾಸಾದ ಗೋಡೆಗಳ ಮೇಲೆಲ್ಲ ಭಿತ್ತಿಪತ್ರಗಳಿವೆಯಲ್ಲ, ಪರಿಸ್ಥಿತಿ ಅಷ್ಟು ಗಂಭೀರವಾಗಿದೆ ಎಂದು ಅದರಲ್ಲಿ ನೆನಪಿಸಿದರು. ಸಹೋದ್ಯೋಗಿಗೆ ತೋರಿಸಿದರು. ಮೇಲಿನವರಿಗೆ ಕಳುಹಿಸಲಿಲ್ಲ. ನಾನು ತೀರಾ ಕೆಳಗಿದ್ದೆ, ನಿರ್ಧರಿಸುವ ಅಧಿಕಾರಿ ಬಹಳ ಮೇಲಿದ್ದರು, ನನ್ನಿಂದಾಗಲಿಲ್ಲ ಎಂದು ಆಮೇಲೆ ಹೇಳಿದರು. ಆ ಭಿತ್ತಿಪತ್ರಗಳನ್ನು ಅಂಟಿಸಿದ್ದು ಅದೇ ಸಂಸ್ಥೆ.

ಫೆಬ್ರುವರಿ 1ರಂದು ಮರಳುವ ಹಾದಿಯಲ್ಲಿ ಕೊಲಂಬಿಯಾ ಉರಿದುಹೋಯಿತು. ಕಲ್ಪನಾ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಮಹಿಳೆಯರಿಗೆ ಪ್ರಶಸ್ತಿ ಸ್ಥಾಪಿಸಿತು. ಆಕೆಯ ಜೀವಕ್ಕಾಗಿ ಒಬ್ಬರು ಬರೆದು ಕಳುಹಿಸದೆ ಉಳಿಸಿಕೊಂಡ ಪತ್ರವೊಂದಿತ್ತು ಎಂಬುದೂ ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ಆ ಬಳಿಕ ನಾಸಾ ಭಿನ್ನಮತಕ್ಕೆ ಬರವಣಿಗೆಯ ದಾರಿ ಮಾಡಿತು. ಅದರ ಪರೀಕ್ಷೆ ಬಂದದ್ದು 2006ರ ಜೂನ್‌ನಲ್ಲಿ, ಡಿಸ್ಕವರಿ ನೌಕೆಯ ಹಾರಾಟಕ್ಕೆ ಮುನ್ನ. ಸುರಕ್ಷಾ ಮುಖ್ಯಸ್ಥ ಬ್ರಯಾನ್ ಓಕಾನರ್, ಮುಖ್ಯ ಎಂಜಿನಿಯರ್ ಕ್ರಿಸ್ ಸ್ಕೊಲೀಸ್ ಇಬ್ಬರೂ ಫೋಮ್ ಕಳಚುವ ಅಪಾಯ ಇನ್ನೂ ಇದೆ, ಹಾರಿಸಬಾರದು ಎಂದು ಸಿದ್ಧತಾ ಪತ್ರದಲ್ಲೇ ಬರೆದು ಸಹಿ ಮಾಡಿದರು. ನಾಸಾ ಮುಖ್ಯಸ್ಥ ಮೈಕಲ್ ಗ್ರಿಫಿನ್ ಅದನ್ನು ಓದಿ, ನೌಕೆಗೆ ಪೆಟ್ಟಾದರೂ ಯಾತ್ರಿಗಳು ಬಾಹ್ಯಾಕಾಶ ನಿಲ್ದಾಣದಲ್ಲಿ ಆಶ್ರಯ ಪಡೆಯಬಹುದು ಎಂದು ಕಾರಣ ಕೊಟ್ಟು, ಹಾರಿಸುವ ಹೊಣೆಯನ್ನು ಬಹಿರಂಗವಾಗಿ ತಮ್ಮ ಮೇಲೆ ತೆಗೆದುಕೊಂಡರು. ಜುಲೈ 4ರಂದು ಹಾರಿದ ನೌಕೆ ಸುರಕ್ಷಿತವಾಗಿ ಇಳಿಯಿತು.

ಬೇಡ ಎಂದು ಬರೆದಿದ್ದ ಸ್ಕೊಲೀಸ್‌ಗೆ ಮರುವರ್ಷವೇ ಬಡ್ತಿ ಸಿಕ್ಕಿತು. 2009ರಲ್ಲಿ ಕೆಲವು ತಿಂಗಳು ಅವರೇ ನಾಸಾದ ಹಂಗಾಮಿ ಮುಖ್ಯಸ್ಥರಾಗಿದ್ದರು.